ಶಾಂತಲಾ ಎಂದರೇನು? ಹೆಣ್ಣುಮಗುವಿನ ಹೆಸರಿನ ಬೇರು ಹುಡುಕುವ ಬಗೆ

ಮೊಮ್ಮಗಳು ಹುಟ್ಟಿದ ಒಂಬತ್ತನೆಯ ದಿನ ಅಳಿಯಂದಿರು ಮೊಬೈಲ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬಾಣಂತಿಗೆಂದು ಇಟ್ಟ ಮೆಣಸಿನ ಸಾರು ಒಲೆಯ ಮೇಲೆ ಕುದಿಯುತ್ತಿತ್ತು. "ಅತ್ತೆ, ಶಾಂತಲಾ ಎಂದರೆ ಒಂದು ಕಡೆ ಪಾರ್ವತಿ ಎಂದಿದೆ. ಇನ್ನೊಂದು ಕಡೆ ಶಾಂತ ಸ್ವಭಾವದವಳು ಎಂದಿದೆ. ಮತ್ತೊಂದರಲ್ಲಿ ಮೃದುವಾದವಳು ಎಂದು ಬರೆದಿದ್ದಾರೆ. ಇದರಲ್ಲಿ ಯಾವುದು ಸರಿ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಡುಮನೆಯಿಂದ ಬೀಗಿತ್ತಿಯವರ ಮಾತು ಬಂತು: "ಅರ್ಥ ಏನಾದರೂ ಇರಲಿ. ಆ ಹೆಸರಿನವರು ಮಕ್ಕಳಿಲ್ಲದ ಕೊರಗಿಗೆ ಬೆಟ್ಟದಿಂದ ಹಾರಿಕೊಂಡರಂತಲ್ಲ? ಮಗುವಿಗೆ ಅದು ಬೇಕೇ?"

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು ನಾನು. ಐದು ನಿಮಿಷದಲ್ಲಿ ಇಬ್ಬರಿಗೂ ಉತ್ತರ ಹೇಳಿ ಸಾರು ಇಳಿಸುತ್ತೇನೆ ಎಂದುಕೊಂಡೆ. ಹಿಡಿದದ್ದು ಮೂರು ವಾರ. ಆ ಮೂರು ವಾರದಲ್ಲಿ ಏನು ಮಾಡಿದೆ, ಎಲ್ಲಿ ಹುಡುಕಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನಸ್ಸಿನಲ್ಲಿರುವ ಹೆಸರು ಬೇರೆ ಇರಬಹುದು. ಹುಡುಕುವ ದಾರಿ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು ಎಲ್ಲ ರೂಪಗಳನ್ನೂ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ಆ ಹೆಸರನ್ನು ಜನ ಎಷ್ಟು ಬಗೆಯಲ್ಲಿ ಬರೆಯುತ್ತಾರೋ ಅಷ್ಟನ್ನೂ ಬರೆಯಿರಿ. ನನ್ನ ಹಾಳೆಯಲ್ಲಿ ಶಾಂತಲಾ, ಶಾಂತಲ, ಶಾಂತಲೆ, ಶಾಂತಲದೇವಿ, ಸಾಂತಲದೇವಿ ಇದ್ದವು. ಸಂಸ್ಕೃತದ ಆಕಾರಾಂತ ಹೆಣ್ಣು ಹೆಸರು ಕನ್ನಡಕ್ಕೆ ಬಂದಾಗ ಎಕಾರಕ್ಕೆ ತಿರುಗುವುದು ನಮ್ಮ ವ್ಯಾಕರಣದ ಹಳೆಯ ಚಾಳಿ: ಸೀತಾ ಸೀತೆಯಾಗುತ್ತಾಳೆ, ಗಂಗಾ ಗಂಗೆಯಾಗುತ್ತಾಳೆ. ಶ ಎಂಬುದು ಸ ಆಗುವುದೂ ಹಾಗೆಯೇ. ಇಷ್ಟು ಗೊತ್ತಿಲ್ಲದೆ ಶಾಸನ ಸಂಪುಟದ ಅಕಾರಾದಿಯಲ್ಲಿ ಬರೀ ಶಾಂತಲಾ ಎಂದು ಹುಡುಕಿದರೆ ಬೇಕಾದ ಪುಟವೇ ಕೈತಪ್ಪುತ್ತದೆ. ಹಳೆಯ ಪಾಠಗಳಲ್ಲಿ ಸೊನ್ನೆಯ ಬದಲು ನಕಾರಕ್ಕೆ ತಕಾರ ಒತ್ತು ಕೊಟ್ಟು ಶಾನ್ತಲ ಎಂದು ಅಚ್ಚಾಗಿರುವುದೂ ಉಂಟು.

ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು. ನಾವು ತಕಾರಕ್ಕೆ ಟಿ ಮತ್ತು ಎಚ್ ಎರಡನ್ನೂ ಹಾಕುತ್ತೇವೆ. ಉತ್ತರದವರು ಟಿ ಒಂದನ್ನೇ ಹಾಕುತ್ತಾರೆ. ನಾವು ಬರೆದ ಶಾಂತಲಾಳನ್ನು ಅವರು ಶಾಂಥಲಾ ಎಂದು ಓದಿಬಿಡುತ್ತಾರೆ. ಎರಡು ಬಗೆಯಲ್ಲೂ ಹುಡುಕಿ.

ಹೆಸರಿನ ಪಟ್ಟಿಗಳನ್ನು ಜರಡಿ ಹಿಡಿಯುವುದು

ಮಗುವಿನ ಹೆಸರುಗಳ ಪಟ್ಟಿಗಳು ಒಂದನ್ನೊಂದು ನೋಡಿ ಬರೆದವು. ಹತ್ತು ಕಡೆ ಒಂದೇ ಅರ್ಥ ಇದೆ ಎಂದರೆ ಹತ್ತು ಸಾಕ್ಷಿ ಸಿಕ್ಕಿತು ಎಂದು ತಿಳಿಯಬೇಡಿ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಿದ ನನಗೆ ಇದು ಹೊಸದಲ್ಲ. ಮುಂದಿನ ಬೆಂಚಿನ ಒಬ್ಬಳು ತಪ್ಪು ಬರೆದರೆ ಹಿಂದಿನ ಮೂರು ಬೆಂಚಿನಲ್ಲಿ ಅದೇ ತಪ್ಪು ಅದೇ ಕಾಗುಣಿತದಲ್ಲಿ ಸಿಗುತ್ತಿತ್ತು.

ಜರಡಿ ಸುಲಭವಾದದ್ದು. ಪಟ್ಟಿ ಹೇಳುವ ಅರ್ಥ ಯಾವುದಾದರೂ ದೇವರ ಹೆಸರಾಗಿದ್ದರೆ ಆ ದೇವರ ಪರ್ಯಾಯ ನಾಮಗಳನ್ನು ಅಮರಸಿಂಹನ ಹಳೆಯ ಸಂಸ್ಕೃತ ಪದಕೋಶವಾದ ಅಮರಕೋಶದಲ್ಲಿ ನೋಡಿ. ಸಾನ್ವಿ ಎಂದರೆ ಲಕ್ಷ್ಮಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಅಮರಸಿಂಹ ಲಕ್ಷ್ಮಿಗೆ ಪದ್ಮಾಲಯಾ, ಪದ್ಮಾ, ಕಮಲಾ, ಶ್ರೀ, ಹರಿಪ್ರಿಯಾ, ಇಂದಿರಾ, ಲೋಕಮಾತಾ, ಮಾ, ಕ್ಷೀರೋದತನಯಾ, ರಮಾ ಎಂದು ಹೆಸರುಗಳನ್ನು ಕೊಡುತ್ತಾನೆ. ಆ ಸಾಲಿನಲ್ಲಿ ಸಾನ್ವಿ ಇಲ್ಲ. ಹೆಸರು ಚೆಂದವಾಗಿದೆ, ಇಡುವವರು ಇಡಲಿ. ಆದರೆ ಲಕ್ಷ್ಮಿಯ ಹೆಸರು ಎಂದು ನಂಬಿ ಇಟ್ಟರೆ ಪಟ್ಟಿ ಮಾಡಿದವನ ಮಾತಿಗೆ ಸೋತಂತೆ.

ಆಮೇಲೆ ನಿಘಂಟು. ಕಿಟೆಲ್ ಅವರ 1894ರ ಕನ್ನಡ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ದೊಡ್ಡ ಗ್ರಂಥಾಲಯಗಳಲ್ಲಿರುತ್ತದೆ. ಶಬ್ದ ಯಾವ ಕಾವ್ಯದಲ್ಲಿ, ಯಾವ ಶಾಸನದಲ್ಲಿ ಬಂದಿದೆ ಎಂಬ ಪ್ರಯೋಗವನ್ನೂ ಅದು ಕೊಡುತ್ತದೆ, ನನಗೆ ಅದರ ಮೇಲೆ ಹೆಚ್ಚು ನಂಬಿಕೆ. ಶಾಂತ ಎಂಬುದಕ್ಕೆ ಅರ್ಥ ತಕ್ಷಣ ಸಿಕ್ಕಿತು. ಶಮ್ ಎಂಬ ಧಾತುವಿನಿಂದ ಬಂದದ್ದು, ತಣಿದದ್ದು, ಅಡಗಿದ್ದು. ಶಾಂತಾ ಎಂಬ ಹೆಣ್ಣು ಹೆಸರು ರಾಮಾಯಣದಲ್ಲೇ ಇದೆ, ಋಷ್ಯಶೃಂಗನ ಹೆಂಡತಿ ಅವಳು. ಉಳಿದದ್ದು ಕೊನೆಯ ಲಾ. ಎಲ್ಲ ಪಟ್ಟಿಗಳೂ ಈ ಲಾ ಎಂಬುದನ್ನು ಕಂಡೂ ಕಾಣದಂತೆ ದಾಟಿಹೋಗಿವೆ. ನನ್ನ ಮೂರು ವಾರ ಹೋದದ್ದು ಅದೊಂದು ಅಕ್ಷರಕ್ಕೆ.

ಒಡಹುಟ್ಟಿದ ಹೆಸರುಗಳನ್ನು ಹುಡುಕಿ

ಸಂಸ್ಕೃತದಲ್ಲಿ ಲ ಎಂಬ ಪ್ರತ್ಯಯ ಇದೆ. ವತ್ಸ ವತ್ಸಲವಾಗುತ್ತದೆ, ಮಾಂಸ ಮಾಂಸಲವಾಗುತ್ತದೆ. ಶಾಂತ ಎಂಬುದಕ್ಕೂ ಅದೇ ಲ ಹತ್ತಿದೆ ಎಂದು ಮೊದಲ ವಾರ ನಂಬಿಕೊಂಡು ಅಳಿಯಂದಿರಿಗೆ ಹೇಳಿಯೂಬಿಟ್ಟೆ. ಅದು ನಾನು ಎಡವಿದ ಜಾಗ. ಒಂದು ಹೆಸರನ್ನು ಒಂಟಿಯಾಗಿ ಎದುರಿಗೆ ಕೂರಿಸಿಕೊಂಡು ಬಿಡಿಸಲು ಹೋದರೆ ಹೀಗೇ ಆಗುತ್ತದೆ. ಯಾವ ಹೆಸರೂ ತನ್ನ ಕಾಲದಲ್ಲಿ ಒಂಟಿಯಾಗಿ ಇರಲಿಲ್ಲ. ಅದಕ್ಕೆ ಅಕ್ಕತಂಗಿಯರು ಇದ್ದರು. ಅವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿದರೆ ಮನೆತನದ ಮೂಗು ಯಾವುದು, ಸೇರಿಕೊಂಡ ಒಡವೆ ಯಾವುದು ಎಂದು ಕಣ್ಣಿಗೆ ಕಾಣುತ್ತದೆ.

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯ ಹೆಸರು ಇದು ಎಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಆ ಕಾಲದ, ಆ ಮಟ್ಟದ ಹೆಂಗಸರ ಹೆಸರುಗಳೇನು? ಸಾಲು ಮಾಡಿದೆ. ವಿಷ್ಣುವರ್ಧನನ ತಾಯಿ ಏಚಲದೇವಿ. ಅವನ ಬೇರೆ ರಾಣಿಯರಲ್ಲಿ ಬಮ್ಮಲದೇವಿ, ರಾಜಲದೇವಿ. ಅವನ ಅಣ್ಣ ಒಂದನೆಯ ಬಲ್ಲಾಳ 1103ರಲ್ಲಿ ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳನ್ನು ಒಟ್ಟಿಗೆ ಮದುವೆಯಾದ: ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ. ಹೊಯ್ಸಳರನ್ನು ಬಿಟ್ಟು ಹೊರಗೆ ಹೋದರೂ ಇದೇ ಕಥೆ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ. ಹುಂಚದಲ್ಲಿ 1077ರ ಪಂಚಕೂಟ ಬಸದಿಯನ್ನು ಕಟ್ಟಿಸಿದವಳು ಚಟ್ಟಲದೇವಿ. ಇನ್ನೂ ಹಿಂದಕ್ಕೆ ಹೋದರೆ, ಗೊಮ್ಮಟನನ್ನು ಕಡೆಸಿದ ಚಾವುಂಡರಾಯನ ತಾಯಿಯನ್ನು ಕಾಳಲದೇವಿ ಎಂದು ಕರೆಯುತ್ತಾರೆ.

ಈಗ ಈ ಸಾಲನ್ನು ಗಟ್ಟಿಯಾಗಿ ಓದಿ. ಏಚಲ, ಬಮ್ಮಲ, ರಾಜಲ, ಪದ್ಮಲ, ಚಾವಲ, ಕೇತಲ, ಚಟ್ಟಲ, ಕಾಳಲ, ಶಾಂತಲ. ಕೊನೆಯ ಲ ಎಲ್ಲರಿಗೂ ಒಂದೇ. ಮುಂದಿನ ಭಾಗ ಬೇರೆ ಬೇರೆ: ಏಚ, ಬಮ್ಮ, ಕೇತ, ಚಟ್ಟ. ಇವು ಆಗಿನ ಗಂಡಸರ ಹೆಸರುಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ತಂದೆ ಏಚಿರಾಜ. ಬಮ್ಮ ಎಂಬುದು ಬ್ರಹ್ಮ ಎಂಬುದರ ತದ್ಭವ. ಏಚ, ಚಟ್ಟ ಎಂಬವಕ್ಕೆ ವತ್ಸಲದ ಸಂಸ್ಕೃತ ಪ್ರತ್ಯಯ ಹುಡುಕಿಕೊಂಡು ಹೋಗಿ ಅಂಟಿತೇ? ಆ ಮಾತು ನನಗೆ ಹಿಡಿಸುವುದಿಲ್ಲ. ಇದು ಆ ಕಾಲದ ಮನೆಗಳಲ್ಲಿ ಹೆಣ್ಣು ಹೆಸರು ಕಟ್ಟುತ್ತಿದ್ದ ಒಂದು ಪದ್ಧತಿ ಎಂದೇ ನನ್ನ ತೀರ್ಮಾನ. ಇನ್ನೊಂದು ಚಮತ್ಕಾರ ನೋಡಿ. ಮರಿಯಾನೆಯ ಮೂವರು ಮಕ್ಕಳಲ್ಲಿ ಇಬ್ಬರಿಗೆ ಲ ಇದೆ, ಬೊಪ್ಪದೇವಿಗೆ ಇಲ್ಲ. ಅದು ಹೆಸರಿನ ಬೇರಿಗೆ ಸೇರಿದ್ದಲ್ಲ, ಬೇಕಾದರೆ ಹಾಕಿ ಬೇಡವಾದರೆ ಬಿಡಬಹುದಾದ ತೊಡಿಗೆ ಎಂಬುದಕ್ಕೆ ಒಂದೇ ಮನೆಯಲ್ಲಿ ಸಾಕ್ಷಿ ಸಿಕ್ಕಿತು.

ಇನ್ನೂ ಗಟ್ಟಿ ಸಾಕ್ಷಿ ಶ್ರವಣಬೆಳಗೊಳದಲ್ಲಿದೆ. ಅಲ್ಲಿಯ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದವಳು ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ. ಅವಳನ್ನು ಆಚಿಯಕ್ಕ ಎಂದೂ ಕರೆದಿದ್ದಾರೆ, ಆಚಲದೇವಿ ಎಂದೂ ಕರೆದಿದ್ದಾರೆ. ಒಬ್ಬಳೇ ಹೆಂಗಸು, ಎರಡು ರೂಪ. ಬೇರು ಆಚ. ಸಲಿಗೆಯಲ್ಲಿ ಅಕ್ಕ ಸೇರುತ್ತದೆ, ಗೌರವದಲ್ಲಿ ಲ ಮತ್ತು ದೇವಿ ಸೇರುತ್ತವೆ. ಈಗ ಅದನ್ನು ಅಚಲಾದೇವಿ ಎಂದು ಬರೆದು, ಅಲುಗಾಡದವಳು ಎಂದು ಅರ್ಥ ಹೇಳುವವರಿದ್ದಾರೆ. ಒಂದು ದೀರ್ಘ ಹ್ರಸ್ವವಾದರೆ ಮನೆಯ ಹೆಸರು ಪರ್ವತವಾಗಿಬಿಡುತ್ತದೆ.

ಹೆಸರನ್ನು ಸಂಸ್ಕೃತಕ್ಕೆ ಎಳೆಯುವ ಈ ಚಪಲ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಣಿ ಚಂದಲದೇವಿ ಕರಹಾಟದ ಶಿಲಾಹಾರರ ಮಗಳು. ಅವನ ಆಸ್ಥಾನಕವಿ ಬಿಲ್ಹಣ ಕಾಶ್ಮೀರದವನು. ಅವನ ಕಾವ್ಯದಲ್ಲಿ ಅವಳು ಚಂದ್ರಲೇಖೆ. ಕವಿಗೆ ಛಂದಸ್ಸು ಬೇಕು, ಚಂದ್ರನೂ ಬೇಕು. ತಪ್ಪೆನ್ನಲಾರೆ. ಆದರೆ ಅರ್ಥ ಹುಡುಕುವವರು ಚಂದಲದೇವಿಯ ಮನೆಗೆ ಹೋಗಬೇಕೇ ಹೊರತು ಚಂದ್ರಲೇಖೆಯ ಮನೆಗಲ್ಲ.

ಹೀಗೆ ನನಗೆ ದಕ್ಕಿದ ಉತ್ತರ ಇದು: ಶಾಂತ ಅಥವಾ ಸಾಂತ ಎಂಬುದು ಬೇರು, ಅರ್ಥ ಅದರದ್ದು. ಲ ಎಂಬುದು ಹತ್ತು, ಹನ್ನೊಂದು, ಹನ್ನೆರಡನೆಯ ಶತಮಾನಗಳ ಕನ್ನಡ ನಾಡಿನ ಮುದ್ರೆ. ಪಾರ್ವತಿ ಎಂಬುದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಶಾಂತಲೆಯ ತಾಯಿ ಮಾಚಿಕಬ್ಬೆ ಜೈನಳು, ತಂದೆ ಮಾರಸಿಂಗಯ್ಯ ಶೈವ. ತಾಯಿಯ ಭಕ್ತಿಯಿಂದ, ಹದಿನಾರನೆಯ ತೀರ್ಥಂಕರ ಶಾಂತಿನಾಥನ ನೆನಪಿನಲ್ಲಿ ಹೆಸರು ಬಂದಿರಬಹುದೇ ಎಂದು ನನಗೊಂದು ಊಹೆ. ಶಾಂತಲೆ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಯಲ್ಲಿ ನಿಂತಿರುವುದೂ ಶಾಂತಿನಾಥನೇ. ಊಹೆಯನ್ನು ಊಹೆ ಎಂದೇ ಹಾಳೆಯಲ್ಲಿ ಬೇರೆ ಶಾಯಿಯಲ್ಲಿ ಬರೆದುಕೊಂಡೆ. ನೀವೂ ಹಾಗೆ ಮಾಡಿ. ನಾಲ್ಕು ದಿನ ಕಳೆದ ಮೇಲೆ ಊಹೆಯೂ ಸಾಕ್ಷಿಯೂ ಒಂದೇ ಬಣ್ಣದಲ್ಲಿ ಕಂಡರೆ ಕೆಲಸ ಕೆಟ್ಟಿತು.

ನಿಮ್ಮ ಹೆಸರಿಗೆ ಒಡಹುಟ್ಟಿದವರನ್ನು ಹುಡುಕಲು ಬಾಲವನ್ನು ಹಿಡಿಯಿರಿ. ಅಬ್ಬೆ ಎಂದು ಮುಗಿದರೆ, ಅಂದರೆ ಅತ್ತಿಮಬ್ಬೆ, ಮಾಚಿಕಬ್ಬೆ, ಪೋಚಿಕಬ್ಬೆಯಂತೆ, ಅದು ತಾಯಿ ಎಂಬ ಹಳೆಯ ಮಾತು. ಅವ್ವ ಎಂದು ಉತ್ತರ ಕರ್ನಾಟಕದಲ್ಲಿ ಈಗಲೂ ಉಸಿರಾಡುತ್ತಿದೆ. ಅರಸಿ, ಅಕ್ಕ, ಅಮ್ಮ ಇವೂ ಇಂಥ ಬಾಲಗಳೇ. ಬಾಲ ಕತ್ತರಿಸಿದ ಮೇಲೆ ಉಳಿದದ್ದನ್ನು ನಿಘಂಟಿಗೆ ಒಯ್ಯಿರಿ.

ಕಲ್ಲಿನ ಮಾತು, ಬಾಯಿಮಾತು

ಇನ್ನು ಬೀಗಿತ್ತಿಯವರ ಪ್ರಶ್ನೆ. ಶಿವಗಂಗೆಯ ಬೆಟ್ಟ ಹತ್ತಿದವರಿಗೆ ತುದಿಯ ಹತ್ತಿರ ಒಂದು ಕಡಿದಾದ ಜಾಗವನ್ನು ತೋರಿಸಿ, ಶಾಂತಲೆ ಹಾರಿದ್ದು ಇಲ್ಲಿಂದಲೇ ಎನ್ನುತ್ತಾರೆ. ಶಾಲೆಯ ಪ್ರವಾಸದಲ್ಲಿ ನಾನೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಹಿಂದೆಮುಂದೆ ನೋಡದೆ ಆ ಕಥೆಯನ್ನೇ ಹೇಳಿದ್ದೇನೆ. ಈಗ ಮೊಮ್ಮಗಳ ಹೆಸರಿನ ಪ್ರಶ್ನೆ ಬಂದಾಗ ಮಾತ್ರ ಕಲ್ಲು ಏನು ಹೇಳುತ್ತದೆ ನೋಡೋಣ ಎನಿಸಿತು. ನಾಚಿಕೆಯ ವಿಷಯ, ಆದರೂ ಹೇಳಿಬಿಡುತ್ತೇನೆ.

ಶಾಸನ ನೋಡುವುದು ಪಂಡಿತರ ಕೆಲಸ ಎಂದು ಹೆದರಬೇಡಿ. ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದ್ದಾರೆ. ಎರಡನೆಯದು ಪೂರ್ತಿ ಶ್ರವಣಬೆಳಗೊಳದ್ದು, ಐದನೆಯದು ಹಾಸನ ಜಿಲ್ಲೆಯದು. ಬೆಳಗೊಳದ ಸಂಪುಟ 1889ರಲ್ಲಿ ಬಂದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಆದ್ದರಿಂದ ಹೊಸ ಪರಿಷ್ಕರಣವನ್ನೇ ನೋಡಿ. ಹಳೆಯದರಲ್ಲಿ ಸಿಗಲಿಲ್ಲ ಎಂದು ಕೈಬಿಡಬೇಡಿ. ಹಳೆಯ ಸಂಪುಟಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಹಳಗನ್ನಡ ಅರ್ಥವಾಗದಿದ್ದರೆ ಅದೇ ಸಂಪುಟದಲ್ಲಿ ಇಂಗ್ಲಿಷ್ ಅನುವಾದವೂ ಇರುತ್ತದೆ. ಮೊದಲು ಕೊನೆಯ ಅಕಾರಾದಿಯನ್ನು ತೆರೆಯಿರಿ, ನಿಮ್ಮ ಹಾಳೆಯಲ್ಲಿ ಬರೆದ ಎಲ್ಲ ರೂಪಗಳನ್ನೂ ಹುಡುಕಿ.

ಇಸವಿ ತಿಳಿಯುವುದು ಹೇಗೆ? ಶಾಸನದಲ್ಲಿ ಶಕವರ್ಷ ಇರುತ್ತದೆ, ಅದಕ್ಕೆ 78 ಸೇರಿಸಿ. ಶಾಂತಲೆ ತೀರಿಕೊಂಡದ್ದು ಶಕ 1053ರ ಚೈತ್ರದಲ್ಲಿ, ಅಂದರೆ 1131. ಲೆಕ್ಕ ಸರಿಯೇ ಎಂದು ನೋಡಲು ಸಂವತ್ಸರದ ಹೆಸರು ಸಾಕು. ಅವಳ ಸಾವನ್ನು ಹೇಳುವ ಬೆಳಗೊಳದ ಶಾಸನ ಅದನ್ನು ವಿರೋಧಿಕೃತ್ ಎನ್ನುತ್ತದೆ. ನಾನು ಮೂರನೆಯ ತರಗತಿಯಲ್ಲಿದ್ದ 1971ರ ಯುಗಾದಿಗೆ ಬಂದದ್ದೂ ವಿರೋಧಿಕೃತ್ ಸಂವತ್ಸರವೇ. ನಡುವೆ 840 ವರ್ಷ, ಅರವತ್ತರ ಸರಿಯಾದ ಹದಿನಾಲ್ಕು ಸುತ್ತು. ಈ ಲೆಕ್ಕ ಕೂಡಿಬಂದಾಗ ರಾತ್ರಿ ಹನ್ನೊಂದು ಗಂಟೆ, ಒಬ್ಬಳೇ ಕೂತು ನಕ್ಕೆ.

ಆ ಶಾಸನ ಹೇಳುವುದು ಇಷ್ಟು: ಶಾಂತಲದೇವಿ ಶಿವಗಂಗೆಯಲ್ಲಿ ಸ್ವರ್ಗತೆಯಾದಳು. ಅವಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು, ಜೈನರು ಸಲ್ಲೇಖನ ಎನ್ನುವ ಆ ವ್ರತದಿಂದ ಪ್ರಾಣ ಬಿಟ್ಟಳು. ಬೆಟ್ಟದಿಂದ ಹಾರಿದ ಮಾತು ಅದರಲ್ಲಿಲ್ಲ. ಹಾರಿಕೆ ಬಾಯಿಮಾತು. ಮಗಳ ಹಿಂದೆಯೇ ತಾಯಿ ಹೋದದ್ದು ಮಾತ್ರ ಕಲ್ಲಿನ ಮಾತು. ಮಗಳು ಪಕ್ಕದ ಕೋಣೆಯಲ್ಲಿ ಮಗುವನ್ನು ಮಲಗಿಸುತ್ತಿದ್ದಳು. ಆ ಹೊತ್ತಿನಲ್ಲಿ ಮಾಚಿಕಬ್ಬೆಯ ಸಾಲುಗಳನ್ನು ಎರಡನೆಯ ಸಲ ಓದಲು ನನಗಾಗಲಿಲ್ಲ.

ಬದುಕಿದ್ದಾಗ ಅವಳು ಮಾಡಿದ್ದನ್ನೂ ಕಲ್ಲೇ ಹೇಳುತ್ತದೆ. ಬೇಲೂರಿನ ದೊಡ್ಡ ಗುಡಿ 1117ರದು. ಅದೇ ಅಂಗಳದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ಬೆಳಗೊಳದ ಸವತಿಗಂಧವಾರಣ ಬಸದಿ 1123ರದು, ಅದೂ ಅವಳದೇ. ಸವತಿಯರೆಂಬ ಸೊಕ್ಕಿದವರಿಗೆ ಮದ್ದಾನೆಯಂಥವಳು ಎಂಬ ಅವಳ ಬಿರುದೇ ಬಸದಿಯ ಹೆಸರಾಗಿದೆ. ಹಾಡು, ವಾದ್ಯ, ಕುಣಿತ ಮೂರರಲ್ಲೂ ಪಳಗಿದವಳು ಎಂದು ಹೊಗಳಿಕೆ ಬೇರೆ. ಇದನ್ನೆಲ್ಲ ಬೀಗಿತ್ತಿಯವರ ಮುಂದೆ ಇಟ್ಟೆ. "ಸವತಿಯರಿಗೆ ಮದ್ದಾನೆಯೇ? ಹಾಗಾದರೆ ಗಟ್ಟಿಗಿತ್ತಿ ಬಿಡಿ" ಎಂದರು. ಅಷ್ಟಕ್ಕೆ ಅವರ ಅರ್ಧ ಅಸಮಾಧಾನ ಇಳಿಯಿತು.

ಹೆಸರಿನ ಹಿಂದೆ ಅಶುಭದ ಕಥೆಯಿದೆ ಎಂದು ಯಾರಾದರೂ ಅಂದರೆ ವಾದಕ್ಕೆ ಇಳಿಯಬೇಡಿ. ಆ ಕಥೆ ಎಲ್ಲಿ ಬರೆದಿದೆ ಎಂದು ಮೆಲ್ಲಗೆ ಕೇಳಿ, ನೀವು ಕಂಡದ್ದನ್ನು ತೋರಿಸಿ. ಹಿರಿಯರಿಗೆ ಆದರೂ ಬೇಡ ಎನಿಸಿದರೆ ಅದು ಬೇರೆ ಮಾತು.

ಎಷ್ಟು ಜನ ಇಟ್ಟುಕೊಂಡಿದ್ದಾರೆ?

ಅಮೆರಿಕದಲ್ಲಿರುವ ನಾದಿನಿಯ ಮಗಳು ಫೋನಿನಲ್ಲಿ, ಅಲ್ಲಿಯ ಸೋಷಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚಿನ ಪ್ರತಿ ವರ್ಷದ ಹೆಸರುಗಳ ಎಣಿಕೆಯನ್ನು ಕೊಡುತ್ತದೆ, ಇಲ್ಲಿಯೂ ನೋಡು ಎಂದಳು. ನಮ್ಮಲ್ಲಿ ಸರ್ಕಾರ ಅಂಥ ಪಟ್ಟಿ ಹೊರಡಿಸುವುದಿಲ್ಲ. ಯಾರಾದರೂ ಕರ್ನಾಟಕದ ಟಾಪ್ ಹತ್ತು ಹೆಸರು ಎಂದು ಕೊಟ್ಟರೆ, ಎಣಿಸಿದವರು ಯಾರು ಎಂದು ಮೊದಲು ಕೇಳಿ.

ನಾವೇ ಎಣಿಸಬಹುದಾದದ್ದು ಮತದಾರರ ಪಟ್ಟಿ. ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಮತಗಟ್ಟೆಯ ಭಾಗವಾರು ಪಟ್ಟಿ ಕನ್ನಡದಲ್ಲೇ ಸಿಗುತ್ತದೆ. ಹೆಸರಿನ ಜೊತೆ ವಯಸ್ಸು ಇರುತ್ತದೆ, ಅದೇ ನಮಗೆ ಬೇಕಾದದ್ದು. ಒಂದು ಹಾಳೆಯಲ್ಲಿ ಹತ್ತು ಹತ್ತು ವರ್ಷದ ಮನೆ ಹಾಕಿಕೊಂಡು, ನಿಮ್ಮ ಹೆಸರು ಸಿಕ್ಕಾಗಲೆಲ್ಲ ಆ ವಯಸ್ಸಿನ ಮನೆಯಲ್ಲಿ ಒಂದು ಗೆರೆ ಎಳೆಯಿರಿ. ಪಟ್ಟಿ ಚಿತ್ರರೂಪದಲ್ಲಿದ್ದರೆ ಹುಡುಕುವ ಗುಂಡಿ ಕೆಲಸ ಮಾಡುವುದಿಲ್ಲ, ಕಣ್ಣೇ ಗತಿ. ಒಂದೇ ಬಡಾವಣೆಯದನ್ನು ನೋಡಿ ನಿರ್ಧರಿಸಬೇಡಿ, ಒಂದು ಪೇಟೆಯದು, ಒಂದು ಹಳ್ಳಿಯದು ಇರಲಿ. ಎಣಿಕೆ ಮುಗಿದ ಮೇಲೆ ಗೆರೆಗಳನ್ನು ಇಟ್ಟುಕೊಂಡು ಪಟ್ಟಿಯನ್ನು ಅಳಿಸಿಬಿಡಿ. ಅದರಲ್ಲಿರುವುದು ಬೇರೆಯವರ ಮನೆಯ ವಿಷಯ.

ನಮ್ಮ ಮತಗಟ್ಟೆಯಲ್ಲಿ ನಾಲ್ವರು ಶಾಂತಲಾ ಸಿಕ್ಕರು. ನಾಲ್ವರೂ ನಲವತ್ತೈದು ದಾಟಿದವರು, ಅರವತ್ತು ಮುಟ್ಟದವರು. ಇಷ್ಟರಿಂದ ನಾಡಿನ ಲೆಕ್ಕ ಹೇಳಲಾಗುವುದಿಲ್ಲ. ಆದರೆ ನನ್ನ ಹಾಜರಿ ಪುಸ್ತಕದ ನೆನಪಿಗೂ ಇದಕ್ಕೂ ತಾಳೆ ಬಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶೋಭಾ, ಸವಿತಾ, ಮಂಜುಳಾ, ಸುಮಾ ಎಂದು ಕೂಗುತ್ತಿದ್ದ ಸಾಲಿನಲ್ಲಿ ಒಬ್ಬಳೋ ಇಬ್ಬರೋ ಶಾಂತಲಾ ಇರುತ್ತಿದ್ದರು. ಆಮೇಲೆ ರಮ್ಯಾ, ಕಾವ್ಯಾ, ಚೈತ್ರಾ ಬಂದರು. ನಿವೃತ್ತಿಯ ಹೊತ್ತಿಗೆ ಸಿಂಚನಾ, ಸಹನಾ, ಐಶ್ವರ್ಯಾ. ಶಾಂತಲಾ ಎಂದು ಕೂಗಿದರೆ ಏಳುವವರು ಯಾರೂ ಇರಲಿಲ್ಲ.

ನನ್ನ ಅಜ್ಜಿಯ ಕಾಲದಲ್ಲೂ ಯಾರೂ ಇರಲಿಲ್ಲ. ಅವರ ಓರಗೆಯವರು ಕೆಂಪಮ್ಮ, ನಿಂಗಮ್ಮ, ಗೌರಮ್ಮ, ಜವರಮ್ಮ, ತಾಯಮ್ಮ. ಬೇಲೂರಿಗೆ ಕೂಗಳತೆಯ ದೂರದಲ್ಲಿ ಹುಟ್ಟಿದವರಿಗೂ ರಾಣಿಯ ಹೆಸರಿಟ್ಟದ್ದನ್ನು ನಾನು ಕೇಳಿಲ್ಲ. ಹಾಗಾದರೆ ನನ್ನ ಓರಗೆಗೆ ಅದು ಬಂದದ್ದು ಎಲ್ಲಿಂದ? ಅಚ್ಚಾದ ಪುಸ್ತಕದಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಶಾಸನಗಳು ಪುಸ್ತಕವಾದವು, ಪಠ್ಯಕ್ಕೆ ಬಂದವು. ಕೆ.ವಿ. ಅಯ್ಯರ್ ಅವರ ಕಾದಂಬರಿ ಈ ಹೆಸರನ್ನೇ ಹೊತ್ತು ಮನೆಮನೆಗೆ ಹೋಯಿತು. ಆಮೇಲೆ ಸಿ.ಕೆ. ನಾಗರಾಜರಾವ್ ಅವರ ದೊಡ್ಡ ಕಾದಂಬರಿ ಬಂತು. ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಮೊದಲ ಬಾರಿಗೆ ಸಂದದ್ದು ಅದಕ್ಕೇ. ಏಕೀಕರಣವಾದ 1956ರಿಂದ ಕರ್ನಾಟಕ ಎಂದು ಹೆಸರಾದ 1973ರವರೆಗಿನ ಆ ಹುಮ್ಮಸ್ಸಿನ ಕಾಲದಲ್ಲಿ ಹೆಣ್ಣುಮಗುವಿಗೆ ಹೊಯ್ಸಳ ರಾಣಿಯ ಹೆಸರಿಡುವುದು ಓದಿದ ಅಪ್ಪಂದಿರ ಖುಷಿಯಾಗಿತ್ತು. ಮೈಸೂರಿನಲ್ಲಿ ಆ ಹೆಸರಿನ ಚಿತ್ರಮಂದಿರವಿತ್ತು. ರಾಜ್ಯ ಸರ್ಕಾರ ನೃತ್ಯ ಕಲಾವಿದರಿಗೆ ಕೊಡುವ ಪ್ರಶಸ್ತಿಯ ಹೆಸರು ಇಂದಿಗೂ ಶಾಂತಲಾ ನಾಟ್ಯಶ್ರೀ. ಅಜ್ಜಿಯಿಂದ ಮೊಮ್ಮಗಳಿಗೆ ಇಳಿದುಬಂದ ಹೆಸರು ಗೌರಮ್ಮ. ಶಾಂತಲಾ ಹಾಗಲ್ಲ, ಕಲ್ಲಿನಿಂದ ಎದ್ದು ಕಾಗದದ ಮೇಲೆ ನಡೆದು ತೊಟ್ಟಿಲಿಗೆ ಬಂದದ್ದು. ನಿಮ್ಮ ಹೆಸರು ಈ ಎರಡರಲ್ಲಿ ಯಾವ ಬಗೆ ಎಂದು ತಿಳಿಯಲು ಮನೆಯ ಹಳೆಯ ಮದುವೆ ಕರೆಯೋಲೆಗಳನ್ನು, ಅಜ್ಜಿಯ ಅಕ್ಕತಂಗಿಯರ ಹೆಸರುಗಳನ್ನು ಒಂದು ಸಂಜೆ ಕೂತು ಬರೆದು ನೋಡಿ, ಸಾಕು.

ಎಣಿಕೆಯಲ್ಲಿ ಎರಡು ಕಡೆ ಮೋಸ ಹೋಗುವುದುಂಟು. ಮದುವೆಯಾದ ಮೇಲೆ ಹೆಸರು ಬದಲಾದ ಹೆಂಗಸರಿದ್ದಾರೆ. ಶಾಲೆಯ ದಾಖಲೆಯ ಹೆಸರೇ ಬೇರೆ, ಮನೆಯಲ್ಲಿ ಕರೆಯುವುದೇ ಬೇರೆ ಎಂಬವರು ಇನ್ನೂ ಹೆಚ್ಚು.

ಬರೆಸುವಾಗ

ನಕ್ಷತ್ರದ ಅಕ್ಷರಕ್ಕೆ ಹೆಸರು ಹೊಂದಲಿಲ್ಲ ಎಂದು ಪುರೋಹಿತರು ಅಂದರೆ ಗಾಬರಿ ಬೇಡ. ನಮ್ಮ ಮನೆಯಲ್ಲಿ ಆ ಅಕ್ಷರದ ಹೆಸರನ್ನು ಕಿವಿಯಲ್ಲಿ ಹೇಳಿ, ವ್ಯವಹಾರಕ್ಕೆ ಬೇರೆ ಇಟ್ಟೆವು.

ಮಗುವಿನ ಹೆಸರು ನಿಶ್ಚಯವಾಗುವ ಮೊದಲೇ ಜನನ ನೋಂದಣಿ ಆಗಿಹೋಗುತ್ತದೆ. ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲ, ಅದಾದ ಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದ್ದರಿಂದ ಅವಸರದಲ್ಲಿ ಯಾವುದೋ ಪಟ್ಟಿಯಿಂದ ಹೆಸರು ಎತ್ತಿಕೊಳ್ಳುವ ತುರ್ತು ಯಾರಿಗೂ ಇಲ್ಲ, ಮೂರು ವಾರ ಧಾರಾಳವಾಗಿ ಹುಡುಕಬಹುದು.

ಕೊನೆಯ ಅಕ್ಷರವನ್ನು ಮೊದಲೇ ತೀರ್ಮಾನಿಸಿ. ಶಾಂತಲೆ ಎಂದು ಬರೆಸೋಣ, ಕನ್ನಡದ ರೂಪ ಎಂದು ನಾನು ಹಟ ಹಿಡಿದೆ. "ಅಮ್ಮ, ಬ್ಯಾಂಕಿನವರು, ಪಾಸ್‌ಪೋರ್ಟಿನವರು ಅದನ್ನು ಹೇಗೆ ಓದುತ್ತಾರೋ ಯೋಚನೆ ಮಾಡು" ಎಂದು ಮಗಳು ಲಾ ಎಂದೇ ಉಳಿಸಿದಳು. ಒಂದು ಚೀಟಿಯಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಿ ಬರಬೇಡಿ. ಅಳಿಯಂದಿರು ಬಾಯಲ್ಲಿ ಹೇಳಿ ಬಂದರು. ಎರಡು ದಿನದ ಮೇಲೆ ಬಂದ ಪತ್ರದಲ್ಲಿ ಶಾಂತಾಲ ಎಂದಿತ್ತು. ತ ಎಂಬುದರ ದೀರ್ಘ ಎಲ್ಲಿಂದ ಬಂತೋ, ಲ ಎಂಬುದರ ದೀರ್ಘ ಎಲ್ಲಿ ಹೋಯಿತೋ. ತಿದ್ದುಪಡಿಗೆ ಅರ್ಜಿ ಕೊಟ್ಟು ಇನ್ನೊಮ್ಮೆ ಹೋಗಬೇಕಾಯಿತು. ಆ ಸಲ ಚೀಟಿ ಬರೆದುಕೊಟ್ಟವಳು ನಾನೇ.

ಬೀಗಿತ್ತಿಯವರು ಈಗ ಮಗುವನ್ನು ಎತ್ತಿಕೊಂಡು ಶಾಂತಕ್ಕ ಎಂದು ಕರೆಯುತ್ತಾರೆ. ಆಚಲದೇವಿಯನ್ನು ಆಚಿಯಕ್ಕ ಮಾಡಿದವರೂ ಇಂಥವರೇ ಇರಬೇಕು.